ಉರ್ ಊರಿನ ಬಚ್ಚಲುಗಳು: ಇರಾಕಿನಲ್ಲಿ ಏಳು ದಿನ

ಮೊದಲ ದಿನ: ನಾಸಿರಿಯಾ, ಉರ್

ನಾಸಿರಿಯಾ ಪಟ್ಟಣದಿಂದ ಸುಮೇರಿಯನ್ನರ ಹಳೆಯ ನಗರ ಉರ್‌ಗೆ ಸುಮಾರು 16 ಕಿ.ಮೀ. ವಾಯುನೆಲೆಯ ಬೇಲಿ ಹಾದು, ಒಂದೆರಡು ತಪಾಸಣಾ ಠಾಣೆ ದಾಟಿದರೆ ಬಟಾಬಯಲು. ಅದರ ನಡುವೆ ಜಿಗ್ಗುರಾತ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ಗುಡಿಯ ಜಗಲಿ. ಬಂದವರೆಲ್ಲ ನೇರ ಮೆಟ್ಟಿಲು ಹತ್ತಿ ಫೋಟೊ ತೆಗೆದು ಇಳಿಯುತ್ತಾರೆ. ಬಚ್ಚಲು, ಮೋರಿ ನೋಡಲೆಂದೇ ಬಂದವರು ಹತ್ತುವ ಮೊದಲು ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಸುಟ್ಟ ಇಟ್ಟಿಗೆಯ ಹೊರಗೋಡೆಯಲ್ಲಿ ಸಾಲುಸಾಲಾಗಿ ಕಿರಿದಾದ ಉದ್ದನೆಯ ಕಂಡಿಗಳಿವೆ. ಒಳಗಿರುವುದೆಲ್ಲ ಹಸಿ ಇಟ್ಟಿಗೆಯ ರಾಶಿ. ಅದು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಎರಡೂವರೆ ಮೀಟರ್ ದಪ್ಪದ ಹೊರಗೋಡೆಯನ್ನೂ ದೂಡಿ ಸೀಳುತ್ತದೆ. ಒಳಗಿನ ತೇವ ಹೊರಗೆ ಬರಲೆಂದು ಬಿಟ್ಟ ದಾರಿಗಳಿವು. ಇಲ್ಲಿ ಅಗೆದ ಲಿಯೊನಾರ್ಡ್ ವುಲ್ಲಿಗೆ ಈ ಕಂಡಿಗಳೊಳಗೆ ಮಡಕೆ ಚೂರುಗಳು ಸಿಕ್ಕಿದ್ದವು. ನೀರು ಇಳಿಯಬೇಕು, ಮಣ್ಣು ಕೊಚ್ಚಿಕೊಂಡು ಹೋಗಬಾರದು: ಅದಕ್ಕೆ ಬೋಕಿ ತುಂಬು. ಈ ಉಪಾಯವೇ ಊರಿನ ಪ್ರತಿ ಮನೆಯ ಅಂಗಳದ ಕೆಳಗೂ ಇದೆ.

ವುಲ್ಲಿ ಇಲ್ಲಿ ಅಗೆದದ್ದು 1922ರಿಂದ 1934ರವರೆಗೆ, ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಪರವಾಗಿ. ಹೆಸರು ತಂದದ್ದು ರಾಜಸಮಾಧಿಗಳ ಚಿನ್ನ. ಆದರೆ ಜನ ಹೇಗೆ ಬಾಳಿದರು ಎಂದು ತಿಳಿಯಬೇಕಾದವರು ಹೋಗಬೇಕಾದದ್ದು ಆಗ್ನೇಯದ ತಗ್ಗಿಗೆ. ಅಗೆತದ ನಕ್ಷೆಯಲ್ಲಿ ಅದು ‘ಎ.ಎಚ್.’ ಪ್ರದೇಶ. 1930–31ರ ಚಳಿಗಾಲದಲ್ಲಿ ಸುಮಾರು 8,000 ಚದರ ಮೀಟರ್ ಬಿಚ್ಚಿ, ಕ್ರಿ.ಪೂ. 1900ರಿಂದ 1740ರ ಆಸುಪಾಸಿನ ಒಂದು ಇಡೀ ಕೇರಿಯನ್ನೇ ಹೊರತೆಗೆದರು. ಬೀದಿಗಳಿಗೆ ಇಂಗ್ಲಿಷ್ ಪಟ್ಟಣದ ಹೆಸರು: ಪ್ಯಾಟರ್‌ನಾಸ್ಟರ್ ರೋ, ಚರ್ಚ್ ಲೇನ್, ಓಲ್ಡ್ ಸ್ಟ್ರೀಟ್. ಓಲ್ಡ್ ಸ್ಟ್ರೀಟಿನ 1ನೇ ನಂಬರ್ ಮನೆ ತಾಮ್ರದ ವ್ಯಾಪಾರಿ ಎಯಾ-ನಾಸಿರ್‌ನದು. ಕಳಪೆ ತಾಮ್ರ ಕೊಟ್ಟನೆಂದು ನನ್ನಿ ಎಂಬ ಗಿರಾಕಿ ಬರೆಸಿದ ದೂರಿನ ಮಣ್ಣಿನ ಹಲಗೆ ಈಗ ಇಂಟರ್ನೆಟ್ಟಿನಲ್ಲಿ ನಗೆಗೆ ವಸ್ತು.

ಆ ಬೀದಿಗಳಲ್ಲಿ ನಡೆಯುವಾಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಇಲ್ಲದಿರುವ ಒಂದು ವಸ್ತು. ಬೀದಿಯಲ್ಲಿ ಮೋರಿಯೇ ಇಲ್ಲ. ಮೊಹೆಂಜೊದಾರೊದಲ್ಲಿ ಮನೆಯ ಬಚ್ಚಲ ನೀರು ಗೋಡೆ ದಾಟಿ ಬೀದಿಯ ಇಟ್ಟಿಗೆ ಮೋರಿಗೆ ಸೇರುತ್ತದೆ. ಸಿಂಧೂ ಕಡೆಯ ಮುದ್ರೆಗಳು ಉರ್‌ನಲ್ಲಿ ಸಿಕ್ಕಿವೆ, ಎರಡೂ ಕಡೆಯವರಿಗೆ ಪರಸ್ಪರ ಗೊತ್ತಿತ್ತು. ಆ ಮೋರಿಯ ಪದ್ಧತಿ ಮಾತ್ರ ಇಲ್ಲಿಗೆ ಬರಲಿಲ್ಲ. ಉರ್‌ನ ನೀರು ಹೊರಗೆ ಹರಿಯುವುದಿಲ್ಲ, ಕೆಳಗೆ ಇಳಿಯುತ್ತದೆ. ಯಾರ ಮನೆಯ ನೀರು ಅವರ ಮನೆಯಡಿಯಲ್ಲೇ ಇಂಗಬೇಕು. ಹಾಗಾಗಿ ಇಲ್ಲಿ ಮನೆ ಅಗೆಯುವವರು ಗೋಡೆಗಿಂತ ಮೊದಲು ಬಚ್ಚಲನ್ನು ಓದಲು ಕಲಿಯಬೇಕು.

ಪಕ್ಕದಲ್ಲೇ ‘ಅಬ್ರಹಾಮನ ಮನೆ’ ಎಂದು ತೋರಿಸುವ ಕಟ್ಟಡವಿದೆ. 1990ರ ದಶಕದ ಕೊನೆಯಲ್ಲಿ ಹಳೆಯ ಅಡಿಪಾಯಗಳ ಮೇಲೆ ಹೊಸ ಇಟ್ಟಿಗೆಯಿಂದ ಎಬ್ಬಿಸಿದ್ದು. ನೆರಳಿಗೆ ಒಳ್ಳೆಯದು. ಅಲ್ಲಿನ ಗೋಡೆ, ಕಮಾನು, ನೆಲ ನೋಡಿ ಅಳತೆ ಬರೆದುಕೊಂಡರೆ ಮೋಸ ಹೋಗುತ್ತೀರಿ.

ಎರಡನೆಯ ದಿನ: ಒಂದು ಮನೆಯೊಳಗೆ

ಬೆಳಿಗ್ಗೆ ಏಳಕ್ಕೆ ಬಿಸಿಲು ಓರೆಯಾಗಿ ಬೀಳುವಾಗ ಗೋಡೆಗಳು ಚೆನ್ನಾಗಿ ಕಾಣುತ್ತವೆ. ಮಧ್ಯಾಹ್ನದ ಬೆಳಕಿನಲ್ಲಿ ಎಲ್ಲವೂ ಒಂದೇ ಮಣ್ಣು ಬಣ್ಣ.

ಬೀದಿಯ ಬಾಗಿಲು ಚಿಕ್ಕದು. ದಾಟಿದರೆ ಪುಟ್ಟ ಮೊಗಸಾಲೆ, ನೆಲಕ್ಕೆ ಸುಟ್ಟ ಇಟ್ಟಿಗೆ, ಅದರಲ್ಲಿ ನೀರಿಳಿಯುವ ಕಂಡಿ. ಬಂದವರು ಕಾಲು ತೊಳೆಯಲು ಎಂದು ವುಲ್ಲಿ ಊಹಿಸಿದ. ಹೊಸ್ತಿಲಲ್ಲಿ ಕಾಲು ತೊಳೆದು ಬೆಳೆದವರಿಗೆ ಅದು ಸಹಜವಾಗಿಯೇ ತೋರುತ್ತದೆ. ಮುಂದೆ ಅಂಗಳ, ಮೇಲೆ ಆಕಾಶ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆ ನೋಡಿದವರಿಗೆ ನಕ್ಷೆ ಬಿಡಿಸಿ ಹೇಳಬೇಕಿಲ್ಲ. ಅಂಗಳದ ನೆಲ ನಡುವಿಗೆ ಇಳಿಜಾರು, ನಡುವೆ ನೀರಿನ ಬಾಯಿ. ಒಂದು ಬದಿಗೆ ಮೆಟ್ಟಿಲು, ಮೆಟ್ಟಿಲಿನ ಅಡಿಯ ಇಕ್ಕಟ್ಟು ಕೋಣೆಯಲ್ಲಿ ಶೌಚ: ಇಟ್ಟಿಗೆ ಹಾಸು, ಅದರಲ್ಲಿ ಒಂದು ಸೀಳು, ಸೀಳಿನ ಕೆಳಗೆ ಗುಂಡಿ. ಇನ್ನೊಂದು ಬದಿಗೆ ಒಲೆಗಳಿರುವ ಅಡುಗೆಮನೆ. ಬಾಗಿಲಿಗೆದುರು ಅಡ್ಡಗಲದ ಪಡಸಾಲೆ, ಅತಿಥಿಗಳಿಗೆ. ಹಿಂದೆ ಮನೆದೇವರ ಕೋಣೆ, ಅದರ ನೆಲದಡಿಯಲ್ಲಿ ಇಟ್ಟಿಗೆ ಕಮಾನಿನ ಸಮಾಧಿ, ಮನೆಯ ಸತ್ತವರಿಗೆ.

ವುಲ್ಲಿ ಇವನ್ನೆಲ್ಲ ಎರಡಂತಸ್ತಿನ ಮನೆಗಳೆಂದು ಚಿತ್ರಿಸಿದ. ಮೆಟ್ಟಿಲು ಇದ್ದದ್ದು ನಿಜ, ಆದರೆ ಅದು ಮಾಳಿಗೆಗೆ ಹೋಗಲೂ ಇರಬಹುದು. ಮೆಟ್ಟಿಲೊಂದನ್ನೇ ಸಾಕ್ಷಿ ಮಾಡಿಕೊಂಡು ಅಂತಸ್ತು ಕಟ್ಟಬಾರದು ಎನ್ನುವವರ ಮಾತೇ ನಮಗೂ ಸರಿ.

ಗೋಡೆಯ ಕೆಳಭಾಗ ಸುಟ್ಟ ಇಟ್ಟಿಗೆ, ಮೇಲೆ ಹಸಿ ಇಟ್ಟಿಗೆ. ಅಳತೆ ಸುಮಾರು 26×17×8 ಸೆಂ.ಮೀ., ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ. ಸುಟ್ಟ ಇಟ್ಟಿಗೆಗೆ ಸೌದೆ ಬೇಕು, ಈ ಬಯಲಿನಲ್ಲಿ ಸೌದೆಯೇ ದುಬಾರಿ. ಆದರೂ ಬುಡಕ್ಕೆ ಅದನ್ನೇ ಹಾಕಿದರು, ಏಕೆಂದರೆ ನೆಲದ ಉಪ್ಪುನೀರು ಹಸಿ ಇಟ್ಟಿಗೆಯ ಬುಡ ತಿಂದುಹಾಕುತ್ತದೆ. ನೀರು ಏರುತ್ತದೆ, ಮೇಲ್ಮೈಯಲ್ಲಿ ಆರುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪುಡಿಪುಡಿ ಮಾಡುತ್ತದೆ. ಸುಮಾರು ತೊಂಬತ್ತು ವರ್ಷ ತೆರೆದುಕೊಂಡೇ ಬಿದ್ದ ಈ ಗೋಡೆಗಳಲ್ಲೂ ಅದು ಕಣ್ಣಿಗೆ ಕಾಣುತ್ತದೆ. ಬುಡದಲ್ಲಿ ಕೈಯಾಡಿಸಿದರೆ ಬೆರಳಿಗೆ ಬಿಳಿ ಹಿಟ್ಟು.

ಇನ್ನೊಂದು ಸೂಕ್ಷ್ಮ. ಕಸ, ಬೂದಿ, ಬಿದ್ದ ಗೋಡೆಯ ಮಣ್ಣು ಎಲ್ಲ ಬೀದಿಗೇ ಹೋಗುತ್ತಿತ್ತು, ಬೀದಿ ಏರುತ್ತಿತ್ತು. ಮನೆಯವರು ಹೊಸ್ತಿಲು ಎತ್ತರಿಸಿದರು, ಒಳಕ್ಕೆ ಇಳಿಯಲು ಮೆಟ್ಟಿಲು ಹಾಕಿದರು, ಕೊನೆಗೆ ನೆಲವನ್ನೇ ಏರಿಸಿದರು. ನೆಲ ಏರಿದಾಗ ಬಚ್ಚಲ ಬಾಯಿಯೂ ಏರಬೇಕು. ಹಳೆಯ ಬಾಯಿಯ ಮೇಲೆ ಇಟ್ಟಿಗೆಯ ಕಟ್ಟೆಯನ್ನೋ ಸುಟ್ಟಮಣ್ಣಿನ ಇನ್ನೊಂದು ಬಳೆಯನ್ನೋ (ರಿಂಗ್) ಕೂರಿಸುತ್ತಾರೆ. ಇಂಥ ಸೇರ್ಪಡೆ ಎಷ್ಟಿವೆ ಎಂದು ಎಣಿಸಿದರೆ ನೆಲ ಎಷ್ಟು ಸಲ ಏರಿತು ಎಂಬ ಅಂದಾಜು ಸಿಗುತ್ತದೆ, ನೆಲಗಳೇ ಸವೆದು ಹೋಗಿದ್ದರೂ.

ಮೂರನೆಯ ದಿನ: ಗುಂಡಿ ಅಗೆಯುವ ಕ್ರಮ

ಇಡೀ ಪ್ರವಾಸಕ್ಕೆ ಇದೇ ಮುಖ್ಯ ದಿನ, ಉಳಿದದ್ದನ್ನು ಅವಸರದಲ್ಲಿ ನೋಡಿದರೂ ನಡೆದೀತು.

ಅಂಗಳದ ಬಾಯಿಯ ಕೆಳಗೆ ಇರುವುದು ಸುಟ್ಟಮಣ್ಣಿನ ಬಳೆಗಳ ಕಂಬ. ನಮ್ಮ ಊರುಗಳಲ್ಲಿ ಸಿಮೆಂಟ್ ರಿಂಗ್ ಇಳಿಸಿ ಮಾಡುವ ಇಂಗುಗುಂಡಿಯ ತದ್ರೂಪ. ಬಳೆಯ ಮೈಯಲ್ಲಿ ಸಣ್ಣ ತೂತುಗಳು, ಸುತ್ತ ಗೇಣುಗಟ್ಟಲೆ ಮಡಕೆ ಚೂರಿನ ಪದರ. ನೀರು ತೂತಿನಿಂದ ಚೂರಿಗೆ, ಚೂರಿನಿಂದ ಮಣ್ಣಿಗೆ. 1850ರ ದಶಕದಲ್ಲಿ ಇಲ್ಲಿ ಮೊದಲು ಅಗೆದ ಜೆ. ಇ. ಟೇಲರ್ ಕಾಲದ ವರ್ಣನೆಗಳಲ್ಲಿ ಬಳೆಯ ಅಡ್ಡಳತೆ ಸುಮಾರು 2 ಅಡಿ, ಎತ್ತರ ಒಂದೂವರೆ ಅಡಿ. ಅಂಥ ಒಂದು ಬಳೆಯಲ್ಲಿ 130 ಲೀಟರಿನಷ್ಟು ನೀರು ಹಿಡಿಯುತ್ತದೆ. ಶೌಚದ ಗುಂಡಿಗಳು ಇನ್ನೂ ದೊಡ್ಡವು: ಒಂದು ಮೀಟರ್ ಅಗಲ, ನಾಲ್ಕೂವರೆ ಮೀಟರ್ ಆಳದವೂ ಮೆಸೊಪೊಟೇಮಿಯಾದಲ್ಲಿವೆ. ಅಂದರೆ ಮೂರೂವರೆ ಸಾವಿರ ಲೀಟರ್.

ಟೇಲರ್ ಕಾಲದವರು ಇದನ್ನು ಸಮಾಧಿ ಒಣಗಿರಲೆಂದು ಮಾಡಿದ ಬಸಿಗಾಲುವೆ ಎಂದುಕೊಂಡರು. ದಿಬ್ಬದ ತುಂಬ ಗೋರಿ, ಗೋರಿಗಳ ನಡುವೆ ಬಳೆಗಂಬ. ಮಣ್ಣಿನ ಮನೆಗಳ ಗೋಡೆ ಅವರ ಕಣ್ಣಿಗೆ ಕಾಣಲೇ ಇಲ್ಲ. ಗೋಡೆ ಕಾಣದಿದ್ದರೆ ಮನೆಯ ಬಚ್ಚಲು ಹೆಣದ ಪಾಲಾಗುತ್ತದೆ.

ಈಗ ಕ್ರಮ. ಮೊದಲು ನೆಲವನ್ನು ಕರಣೆಯಿಂದ ತೆಳ್ಳಗೆ ಕೆರೆಯಬೇಕು, ಅರ್ಧ ಸೆಂ.ಮೀ.ಗಿಂತ ಹೆಚ್ಚು ಬೇಡ, ಕೆರೆದ ಕೂಡಲೇ ನೀರು ಚಿಮುಕಿಸಬೇಕು. ಮೂರು ಉಂಗುರ ಕಾಣುತ್ತದೆ: ನಡುವೆ ಗುಂಡಿಯೊಳಗಿನ ಮಣ್ಣು, ಸಾಮಾನ್ಯವಾಗಿ ಹಸಿರು ಛಾಯೆಯ ಬೂದು, ಅದರ ಸುತ್ತ ಕೆಂಪು ಅಥವಾ ಹಳದಿ ಬಳೆಯ ಅಂಚು, ಅದರಾಚೆ ಚೂರಿನ ಪದರ. ಚೂರಿನ ಹೊರ ಅಂಚೇ ಗುಂಡಿ ತೋಡಿದವರ ಸಲಿಕೆಯ ಗುರುತು. ನಾಲ್ಕಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು: ತೋಡು, ಚೂರು, ಬಳೆ, ಒಳಮಣ್ಣು. ಒಂದೇ ಚೀಲಕ್ಕೆ ಹಾಕಿದರೆ ಮತ್ತೆ ಬೇರ್ಪಡಿಸಲು ಆಗದು.

ಯಾಕೆ ಇಷ್ಟು ಕಟ್ಟುನಿಟ್ಟು? ಚೂರುಗಳು ಆ ಮನೆಯ ಕಾಲದವಲ್ಲ. ಗುಂಡಿ ತೋಡುವಾಗ ಮೇಲೆ ಬಂದ, ಕಸದ ರಾಶಿಯಿಂದ ಹೊತ್ತು ತಂದ ಹಳೆಯ ಬೋಕಿ ಅದು, ನೂರಾರು ವರ್ಷ ಹಳೆಯದಿರಬಹುದು. ಬಳೆ ಕೂರಿಸಿದ ದಿನ ಬೇರೆ. ಒಳಮಣ್ಣು ತುಂಬಿದ್ದು ಬಳಕೆಯ ಕಾಲದಲ್ಲಿ, ಇಲ್ಲವೇ ಮನೆ ಬಿಟ್ಟುಹೋದ ಮೇಲೆ. ಒಂದೇ ಗುಂಡಿಯಲ್ಲಿ ಮೂರು ಕಾಲ. ಜೊತೆಗೆ ಗುಂಡಿ ಮೇಲಿನ ನೆಲದಿಂದ ಹೊರಟು ಕೆಳಗಿನ ಎರಡು ಮೂರು ನೆಲಗಳನ್ನು ತೂರಿಕೊಂಡು ಇಳಿದಿರುತ್ತದೆ. ಅದನ್ನು ಮೊದಲೇ ಖಾಲಿ ಮಾಡದೆ ನೆಲ ಅಗೆಯುತ್ತ ಹೋದರೆ ಮೇಲಿನ ಕಾಲದ ಚೂರು ಕೆಳಗಿನ ಮನೆಯ ಲೆಕ್ಕಕ್ಕೆ ಸೇರುತ್ತದೆ. ಗೋರಿಗಳದೂ ಇದೇ ಕಾಟ. ಆದ್ದರಿಂದ ನಿಯಮ: ಕೊನೆಗೆ ತೋಡಿದ್ದನ್ನು ಮೊದಲು ತೆಗೆಯಬೇಕು.

ಎರಡು ಅಡಿ ಅಗಲದ ಬಳೆಯೊಳಗೆ ಕೂತು ಅಗೆಯಲು ಆಗದು. ಪ್ರಯತ್ನವನ್ನೂ ಮಾಡಬಾರದು. ಹೊರಗಿನಿಂದ ಅರ್ಧ ಭಾಗ ಇಳಿಸುತ್ತ ಹೋಗುವುದು ಸರಿ: ಒಂದು ಬದಿಯ ಚೂರು ತೆಗೆದು, ಒಂದು ಬಳೆ ಎತ್ತರ ಇಳಿದು, ಒಳಮಣ್ಣಿನ ಅಡ್ಡಸೀಳು ಬಿಡಿಸಿ, ಫೋಟೊ, ಮಟ್ಟ, ಆಮೇಲೆ ಬಳೆ ಎತ್ತಿ ಮುಂದಿನದು. ಪ್ರತಿ ಬಳೆಯ ಮೇಲಂಚು, ಕೆಳ ಅಂಚು ಎರಡರ ಮಟ್ಟವೂ ಬೇಕು. ಎದೆಮಟ್ಟಕ್ಕೆ, ಅಂದರೆ 1.2 ಮೀಟರಿಗೆ ಬಂದ ಕೂಡಲೇ ನಿಲ್ಲಿಸಿ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಬೇಕು. ಚೂರಿನ ಪದರಕ್ಕೆ ಹಿಡಿತವೇ ಇಲ್ಲ. ಒಣಗಿದ ಮಧ್ಯಾಹ್ನ ಒಂದು ಚೂರು ಜಾರಿದರೆ ಹಿಂದೆಯೇ ಬುಟ್ಟಿಗಟ್ಟಲೆ ಸುರಿಯುತ್ತದೆ. ಮೇಲೆ ಒಬ್ಬರು ನಿಂತಿರಲೇಬೇಕು, ತೆಗೆದ ಮಣ್ಣು ಅಂಚಿನಿಂದ ಎರಡು ಮೀಟರ್ ದೂರ ಬೀಳಬೇಕು.

ಮಾದರಿಗಳಿಗೆ: ಒಳಮಣ್ಣಿನಿಂದ ಕನಿಷ್ಠ ಮೂರು ಆಳಗಳಲ್ಲಿ ಚಮಚದಷ್ಟಲ್ಲ, ಒಂದು ಹಿಡಿ ಮಣ್ಣು, ತೊಳೆದ ಕರಣೆಯಿಂದ, ಪ್ರತ್ಯೇಕ ಚೀಲಕ್ಕೆ, ಕರುಳ ಹುಳುವಿನ ಮೊಟ್ಟೆ ಹುಡುಕಲು. ಗುಂಡಿಯ ಹೊರಗಿನ ಮಣ್ಣಿನಿಂದಲೂ ಒಂದು ಹಿಡಿ. ಅದಿಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ತಳದಿಂದ 10–20 ಲೀಟರ್ ಮಣ್ಣು, ನೀರಿನಲ್ಲಿ ತೇಲಿಸಿ ಸುಟ್ಟು ಕರಕಲಾದ ಕಾಳು, ಮೀನಿನ ಮುಳ್ಳು ಹಿಡಿಯಲು. ಉಳಿದದ್ದು ಜರಡಿಗೆ.

ಎರಡು ತಪ್ಪು ಮತ್ತೆ ಮತ್ತೆ ಆಗುತ್ತದೆ. ಒಂದು, ಅಕ್ಕಪಕ್ಕ ಎರಡು ಬಳೆಗಂಬ ಕಂಡರೆ ದೊಡ್ಡ ಮನೆ, ಎರಡು ಬಚ್ಚಲು ಎಂದು ಬರೆಯುವುದು. ತೂತುಗಳಿಗೆ ಕೆಸರು, ಜಿಡ್ಡು ಕಟ್ಟಿ ಗುಂಡಿ ಇಂಗುವುದನ್ನು ನಿಲ್ಲಿಸುತ್ತದೆ, ಮನೆಯವರು ಪಕ್ಕದಲ್ಲೇ ಇನ್ನೊಂದು ತೋಡುತ್ತಾರೆ. ಎರಡೂ ಒಟ್ಟಿಗೆ ಬಳಕೆಯಲ್ಲಿ ಇರಲೇಬೇಕೆಂದಿಲ್ಲ. ಎರಡು, ಅಂಗಳದ ಇಳಿಜಾರಿನ ಅಳತೆ. ಪ್ರತಿ ಅರ್ಧ ಮೀಟರಿಗೆ ಮಟ್ಟ ತೆಗೆದು ಇಷ್ಟು ಇಳಿಜಾರು ಕೊಟ್ಟಿದ್ದರು ಎಂದರೆ ಸಾಲದು. ಚೂರಿನ ಪದರ ಕಾಲಕ್ರಮದಲ್ಲಿ ಕುಸಿದು ಬಾಯಿಯ ಸುತ್ತ ನೆಲ ಬೋಗುಣಿಯಂತಾಗಿರುತ್ತದೆ. ಗಾರೆಯವನು ಕೊಟ್ಟ ಇಳಿಜಾರು ಗೋಡೆಯ ಹತ್ತಿರದ ಇಟ್ಟಿಗೆಗಳಲ್ಲಿ ಮಾತ್ರ ಉಳಿದಿರುತ್ತದೆ.

ನಾಲ್ಕನೆಯ ದಿನ: ಮಳೆ

ರಾತ್ರಿ ಅರ್ಧ ಗಂಟೆ ಮಳೆ ಬಂದರೂ ಮರುದಿನ ಅಗೆತವಿಲ್ಲ. ಈ ಮಣ್ಣು ಬೂಟಿಗೆ ಅಂಟಿ ಕಾಲು ಎತ್ತಲು ಬಿಡದು, ಒದ್ದೆ ಹಸಿ ಇಟ್ಟಿಗೆಯ ಮೇಲೆ ಕಾಲಿಟ್ಟರೆ ಗೋಡೆಯೇ ಮುದ್ದೆಯಾಗುತ್ತದೆ. ಮಡಕೆ ಚೂರು ತೊಳೆಯುವುದು, ನಕ್ಷೆ ತಿದ್ದುವುದು, ಚಹಾ.

ಆದರೆ ಮಳೆಯ ಮರುದಿನ ನೆಲ ಅರ್ಧ ಆರಿದ ಒಂದೆರಡು ಗಂಟೆಗಳಿಗೆ ಬೆಲೆ ಕಟ್ಟಲಾಗದು. ಇಟ್ಟಿಗೆ ಒಂದು ವೇಗದಲ್ಲಿ, ನಡುವಿನ ಗಾರೆಮಣ್ಣು ಇನ್ನೊಂದು ವೇಗದಲ್ಲಿ ಆರುತ್ತದೆ, ಇಡೀ ಗೋಡೆಯ ನಕ್ಷೆ ನೆಲದ ಮೇಲೆ ತಾನಾಗಿ ಮೂಡುತ್ತದೆ. ಕೂಡಲೇ ಫೋಟೊ, ಕೂಡಲೇ ಮೊಳೆ ಹೊಡೆದು ದಾರ. ಬಿಸಿಲೇರಿದರೆ ಮಾಯ. ಆಬು ಸಲಬಿಖ್ ದಿಬ್ಬದಲ್ಲಿ ನಿಕೊಲಸ್ ಪೋಸ್ಟ್‌ಗೇಟ್ ತಂಡ ಮೇಲ್ಮಣ್ಣನ್ನಷ್ಟೇ ಕೆರೆದು ಮನೆಗಳ ನಕ್ಷೆ ಪಡೆದದ್ದೂ ಇಂಥ ಕಣ್ಣಿನಿಂದಲೇ. ಇರಾಕಿನಲ್ಲಿ ಹಸಿ ಇಟ್ಟಿಗೆ ಹಿಡಿಯುವುದರಲ್ಲಿ ಶರ್ಕಾತಿಗಳದು ಎತ್ತಿದ ಕೈ: ಹಳೆಯ ಅಸ್ಸೀರಿಯಾದ ರಾಜಧಾನಿ ಅಸ್ಸೂರ್ ಅಗೆದ ಜರ್ಮನ್ನರ ಕೈಕೆಳಗೆ ಶರ್ಕಾತ್ ಊರಿನವರು ಕಲಿತ ಕಸುಬು, ತಲೆಮಾರಿನಿಂದ ತಲೆಮಾರಿಗೆ ಬಂತು. ಅವರ ಪುಟ್ಟ ಗುದ್ದಲಿ ಗೋಡೆಗೆ ತಾಗಿದರೆ ಸದ್ದೇ ಬೇರೆ.

ಐದನೆಯ ದಿನ: ಲಗಾಶ್

ದಾರಿ ಆರಿದ ಮೇಲೆ ಅಲ್-ಹಿಬಾ, ಹಳೆಯ ಲಗಾಶ್. 1887ರಲ್ಲಿ ಇಲ್ಲಿ ಅಗೆದ ರಾಬರ್ಟ್ ಕೋಲ್ಡವೈ, ಮುಂದೆ ಬಾಬಿಲೋನ್ ಅಗೆದು ಹೆಸರಾದವನು, ಬೂದಿ, ಸುಟ್ಟ ಮಣ್ಣು, ಮೂಳೆ ಕಂಡು ಇಡೀ ದಿಬ್ಬವನ್ನೇ ಹೆಣ ಸುಡುವ ಊರು ಎಂದು ತೀರ್ಮಾನಿಸಿದ. ಅದು ಜನವಸತಿಯ ಊರೇ ಆಗಿತ್ತು. ಹಸಿ ಇಟ್ಟಿಗೆಯ ಗೋಡೆ ಹಿಡಿಯುವ ಪದ್ಧತಿಯನ್ನು ಪಳಗಿಸಿದವರಲ್ಲಿ ಮುಂದೆ ಅವನೇ ಒಬ್ಬನಾದ.

2022ರಲ್ಲಿ ಹಾಲಿ ಪಿಟ್‌ಮನ್ ನೇತೃತ್ವದ ತಂಡಕ್ಕೆ ಇಲ್ಲಿ ಸಿಕ್ಕಿದ್ದು ಕ್ರಿ.ಪೂ. 2700ರ ಸುಮಾರಿನ ಒಂದು ಊಟದಂಗಡಿ: ತೆರೆದ ಅಂಗಳ, ಬೆಂಚುಗಳು, ಒಲೆ, ಆಹಾರ ತಂಪಾಗಿಡುವ ಮಣ್ಣಿನ ಪಾತ್ರೆ, ಮೀನಿನ ಉಳಿಕೆಯಿದ್ದ ಬಟ್ಟಲುಗಳು. ಎಲ್ಲವೂ ಮೇಲ್ಮೈಯಿಂದ ಅರ್ಧ ಮೀಟರಿನಷ್ಟೇ ಕೆಳಗೆ. ಮೊದಲು ಕಾಂತಮಾಪನ (ನೆಲದ ಕಾಂತಗುಣದ ವ್ಯತ್ಯಾಸ ಅಳೆದು ಅಡಿಯಲ್ಲಿರುವುದನ್ನು ಗುರುತಿಸುವುದು) ಮತ್ತು ಡ್ರೋನ್ ಚಿತ್ರದಿಂದ ಒಲೆ, ಗೋಡೆ ಗುರುತಿಸಿ, ಆಮೇಲೆ ಅಗಲವಾಗಿ, ತೆಳ್ಳಗೆ ಅಗೆದರು. ಆಳದ ಕಂದಕ ಕಾಲ ಹೇಳುತ್ತದೆ, ಮನೆ ಹೇಳುವುದಿಲ್ಲ. ಮನೆ ಬೇಕಾದರೆ ಅಗಲಕ್ಕೆ ಹೋಗಬೇಕು.

ಆರನೆಯ ದಿನ: ನಿಪ್ಪೂರ್

ದಿವಾನಿಯಾ ಕಡೆಗೆ ಉದ್ದ ದಾರಿ, ಅಫಕ್ ಊರು ದಾಟಿದರೆ ನಿಪ್ಪೂರ್. 1950ರ ದಶಕದ ಆರಂಭದಲ್ಲಿ ಇಲ್ಲಿನ ‘ಟಿಎ’ ಪ್ರದೇಶದಲ್ಲಿ ಹೊರಬಂದ ‘ಎಫ್’ ಮನೆ ಚಿಕ್ಕದು, ಆದರೆ ಕ್ರಿ.ಪೂ. 18ನೇ ಶತಮಾನದ ಅಕ್ಷರಶಾಲೆಯದು. ಸಾವಿರಕ್ಕೂ ಹೆಚ್ಚು ಮಣ್ಣಿನ ಹಲಗೆಗಳು, ಹೆಚ್ಚಿನವು ಹುಡುಗರ ಅಭ್ಯಾಸದ ಬರಹ. ಅಲ್ಲಿ ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿ ಡಾಂಬರು ಬಳಿದ ತೊಟ್ಟಿಯಿತ್ತು. ದೂರದಿಂದ ನೋಡಿದರೆ ಬಚ್ಚಲು. ಒಳಗಿದ್ದದ್ದು ಹಳೆಯ ಹಲಗೆಗಳು: ಬರೆದದ್ದನ್ನು ನೆನೆಸಿ, ನಾದಿ, ಮತ್ತೆ ಹಲಗೆ ಮಾಡುವ ತೊಟ್ಟಿ. ಡಾಂಬರು ಕಂಡಲ್ಲೆಲ್ಲ ‘ಸ್ನಾನಗೃಹ’ ಎಂದು ನಕ್ಷೆಯಲ್ಲಿ ಬರೆಯುವ ಚಟ ಹಳೆಯ ವರದಿಗಳಲ್ಲಿ ಬೇಕಾದಷ್ಟಿದೆ. ನೀರು ನಿಲ್ಲಿಸಲು ಡಾಂಬರೋ, ಹರಿಸಲು ಡಾಂಬರೋ ಎಂದು ಮೊದಲು ನೋಡಬೇಕು. ಹೊರದಾರಿ ಇಲ್ಲದ ತೊಟ್ಟಿ ಬಚ್ಚಲಲ್ಲ.

ನಿಪ್ಪೂರಿನ ಇನ್ನೊಂದು ಲಾಭ, ಪಾಲುಪತ್ರಗಳು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಮನೆಯನ್ನು ಸಾರ್ ಲೆಕ್ಕದಲ್ಲಿ ಹಂಚಿಕೊಂಡ ದಾಖಲೆಗಳು (ಒಂದು ಸಾರ್ ಎಂದರೆ ಸುಮಾರು 36 ಚದರ ಮೀಟರ್). ಎಲಿಜಬೆತ್ ಸ್ಟೋನ್ ಈ ಹಲಗೆಗಳನ್ನೂ ಗೋಡೆಗಳನ್ನೂ ಎದುರುಬದುರು ಇಟ್ಟು ಓದಿದವರು. ಪಾಲಾದ ಮನೆಯಲ್ಲಿ ಬಾಗಿಲು ಮುಚ್ಚುತ್ತದೆ, ಕೋಣೆಯೊಂದು ಪಕ್ಕದವರಿಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿಸ್ಸೆಯಾದ ಮನೆಯ ನಡುಗೋಡೆ ಕಂಡವರಿಗೆ ಇದು ಹೊಸತಲ್ಲ. ಅಗೆಯುವವರು ಮುಚ್ಚಿದ ಬಾಗಿಲಿನ ಇಟ್ಟಿಗೆಯನ್ನು ತೆಗೆಯುವ ಮೊದಲು ಬಿಡಿಸಿಕೊಳ್ಳಬೇಕು: ಗೋಡೆಯ ವರಸೆಗೂ ಮುಚ್ಚಿದ ವರಸೆಗೂ ಕಚ್ಚು ಇರುವುದಿಲ್ಲ, ಎರಡರ ನಡುವೆ ನೇರ ಸಂದು ಬೀಳುತ್ತದೆ. ಆ ಸಂದೇ ಪಾಲಿನ ಗೆರೆ. ಬಚ್ಚಲು ಇಲ್ಲದ ಪಾಲು ಸಿಕ್ಕವನ ಭಾಗದಲ್ಲಿ ಹೊಸ ಗುಂಡಿ ಇದೆಯೇ ಎಂದು ಹುಡುಕುವುದು ಮುಂದಿನ ಕೆಲಸ.

ಏಳನೆಯ ದಿನ: ತೆಲ್ ಅಸ್ಮರ್

ಬಾಗ್ದಾದಿನಿಂದ ಈಶಾನ್ಯಕ್ಕೆ ಸುಮಾರು 80 ಕಿ.ಮೀ., ದಿಯಾಲಾ ಬಯಲು. ಪರವಾನಗಿ ಮೊದಲೇ ಕೈಯಲ್ಲಿರಬೇಕು. ತೆಲ್ ಅಸ್ಮರ್ ಹಳೆಯ ಎಶ್ನುನ್ನ. 1930ರ ದಶಕದಲ್ಲಿ ಹೆನ್ರಿ ಫ್ರಾಂಕ್‌ಫರ್ಟ್ ನೇತೃತ್ವದ ಶಿಕಾಗೊ ತಂಡ ಇಲ್ಲಿ ಅಕ್ಕಾಡ್ ಅರಸರ ಕಾಲದ (ಕ್ರಿ.ಪೂ. 2300ರ ಆಸುಪಾಸು) ದೊಡ್ಡ ಕಟ್ಟಡವೊಂದನ್ನು ಹೊರತೆಗೆದು ಉತ್ತರದ ಅರಮನೆ ಎಂದು ಕರೆಯಿತು. ಅದರಲ್ಲಿ ಸುಟ್ಟ ಇಟ್ಟಿಗೆಯಲ್ಲಿ ಎತ್ತರಿಸಿ ಕಟ್ಟಿ ಡಾಂಬರು ಬಳಿದ ಆಸನಗಳು, ಪಕ್ಕದಲ್ಲಿ ನೀರಿನ ದೊಡ್ಡ ಮಡಕೆ. ಕೆಳಗಿನ ಕಾಲುವೆಗಳು ಸೇರುತ್ತಿದ್ದದ್ದು ಇಟ್ಟಿಗೆ ಕಮಾನಿನ ಮುಖ್ಯ ಮೋರಿಗೆ. ಅದರ ಎತ್ತರ ಸುಮಾರು ಒಂದು ಮೀಟರ್, ಬಗ್ಗಿದರೆ ಆಳು ತೂರಬಹುದು. ಆರು ದಿನ ಕೆಳಗಿಳಿಯುವ ನೀರು ನೋಡಿದ ಕಣ್ಣಿಗೆ ಇಲ್ಲಿ ಮೊದಲ ಬಾರಿಗೆ ಹೊರಗೆ ಹರಿಯುವ ನೀರು.

ಆದರೆ ಇಷ್ಟೊಂದು ಶೌಚ ಒಂದು ಮನೆಗೆ ಯಾಕೆ? ಮುಂದೆ ಬಂದವರು ಇದು ಅರಮನೆಯೇ ಅಲ್ಲ, ನೀರು ಧಾರಾಳ ಬೇಕಾಗುವ ಕಸುಬಿನ ಕಟ್ಟಡ, ಬಹುಶಃ ಬಟ್ಟೆಯದು ಎಂದರು. ಆಸನವೆಂದದ್ದು ಕೆಲಸದ ಕಟ್ಟೆಯೂ ಇರಬಹುದು. ಎರಡೂ ವಾದಕ್ಕೆ ನಕ್ಷೆ ಒಂದೇ. ಪಕ್ಷ ಹಿಡಿಯಬೇಕೆಂದರೆ, ಸೀಳಿನ ಕೆಳಗೆ ನೇರ ಕಾಲುವೆ ಇರುವ ಆಸನಗಳನ್ನು ಶೌಚವೆಂದೇ ಓದಬಹುದು, ಬರೀ ಡಾಂಬರು ನೆಲವಿರುವ ಕೋಣೆಗಳನ್ನು ಕಸುಬಿಗೆ ಬಿಟ್ಟುಕೊಡಬಹುದು.

ಬಾಬಿಲೋನಿನ ವೈದ್ಯಪಠ್ಯಗಳಲ್ಲಿ ಶುಲಕ್ ಎಂಬ ಭೂತವಿದೆ. ಶೌಚದ ಕೋಣೆಯಲ್ಲಿ ಹೊಂಚು ಹಾಕಿ ಒಬ್ಬಂಟಿಯಾಗಿ ಹೋದವನ ಮೇಲೆ ಎರಗುವವನು. ಮೆಟ್ಟಿಲಡಿಯ ಕತ್ತಲ ಕೋಣೆ, ಕಾಲಡಿಯಲ್ಲಿ ನಾಲ್ಕೂವರೆ ಮೀಟರ್ ಆಳದ ಟೊಳ್ಳು: ಭೂತಕ್ಕೆ ಬೇರೆ ಜಾಗ ಬೇಕಿರಲಿಲ್ಲ. ಅಸ್ಮರ್‌ನ ಕಾಲುವೆಗಳ ತಳದ ಕೆಸರಿನಲ್ಲಿ ಹುಳುವಿನ ಮೊಟ್ಟೆ ಇದ್ದಿದ್ದರೆ ವಾದ ಒಂದೇ ದಿನಕ್ಕೆ ಮುಗಿಯುತ್ತಿತ್ತು. 1930ರ ದಶಕದಲ್ಲಿ ಕೆಸರನ್ನು ಹಾಗೆ ಚೀಲಕ್ಕೆ ತುಂಬುವ ರೂಢಿ ಇರಲಿಲ್ಲ, ಇಟ್ಟಿಗೆ ಚೆನ್ನಾಗಿ ಕಾಣಲೆಂದು ಕಾಲುವೆಗಳನ್ನು ಗುಡಿಸಿ ಫೋಟೊ ತೆಗೆಯುತ್ತಿದ್ದರು.